ಬಾಯಿ ಮಾತ್ರ ಆಡಿಸು

ಜೂನ್ ತಿಂಗಳ ಒಂದು ಶನಿವಾರ. ಹೊರಗೆ ಜಿಟಿಜಿಟಿ ಮಳೆ. ನನ್ನ ಮೊಮ್ಮಗಳು ಪುಟ್ಟಿ ನನ್ನ ಕೈಗೆ ಒಂದು ಮೈಕು ಕೊಟ್ಟು, “ಅಜ್ಜೀ, ಈಗ ನಿನ್ನ ಸರದಿ” ಅಂದಳು. ಒಲೆಯ ಮೇಲಿನ ಪಾತ್ರೆಯನ್ನು ಬರಿಗೈಲಿ ಹಿಡಿದವಳ ಹಾಗೆ ನಾನು ಅದನ್ನು ತಟ್ಟನೆ ಮೇಜಿನ ಮೇಲಿಟ್ಟುಬಿಟ್ಟೆ.

ಊರು ಯಾವುದು, ಮೈಕು ಯಾಕೆ ಎಂದು ಹೇಳದೆ ನೇರ ನುಗ್ಗಿದೆನಲ್ಲ, ಕ್ಷಮಿಸಿ. ಮಗಳು-ಅಳಿಯ ಇರುವುದು ಜಪಾನಿನಲ್ಲಿ, ಟೋಕಿಯೊ ಪಕ್ಕದ ಕವಾಸಾಕಿಯಲ್ಲಿ. ಮೂರು ತಿಂಗಳು ಇದ್ದು ಬಾ ಎಂದು ಕರೆಸಿಕೊಂಡಿದ್ದರು. ಪುಟ್ಟಿ ಅಲ್ಲಿಯ ಶಾಲೆಯಲ್ಲೇ ಮೂರನೇ ತರಗತಿ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಜಪಾನಿ, ಸಿಟ್ಟು ಬಂದಾಗ ಎರಡೂ. ಅಂದು ಅವಳು, ಅವಳ ಗೆಳತಿ, ಆ ಗೆಳತಿಯ ಅಜ್ಜಿ ಮತ್ತು ನಾನು, ಹೀಗೆ ನಾಲ್ವರು ಕರೋಕೆ ಕೋಣೆಗೆ ಹೋಗಿದ್ದೆವು.

ಆರು ಮಹಡಿಯ ಕಟ್ಟಡ. ಒಳಗೆ ಕಾಲೇಜು ಹಾಸ್ಟೆಲಿನ ಹಾಗೆ ಉದ್ದದ ಓಣಿ, ಎರಡೂ ಕಡೆ ಬಾಗಿಲು. ಒಂದೊಂದು ಬಾಗಿಲ ಹಿಂದೆ ನಮ್ಮ ಅಡುಗೆಮನೆಗಿಂತ ಚಿಕ್ಕದಾದ ಕೋಣೆ. ಅದರಲ್ಲಿ ಮೆತ್ತನೆಯ ಬೆಂಚು, ದೊಡ್ಡ ಟಿವಿ ಪರದೆ, ಎರಡು ಮೈಕು, ಗಿಲಿಗಿಲಿ ಅನ್ನುವ ಒಂದು ತಾಂಬೂರಿ, ತಿಂಡಿ ತರಿಸಲು ಗೋಡೆಗೆ ಒಂದು ಫೋನು. ಗಂಟೆಗಿಷ್ಟು ಎಂದು ಬಾಡಿಗೆ ಕೊಟ್ಟು ಒಳಗೆ ಸೇರಿಕೊಂಡು ಬಾಗಿಲು ಹಾಕಿಕೊಂಡರೆ ನೀವುಂಟು, ನಿಮ್ಮ ಗಂಟಲುಂಟು. ಹಾಡು ಆರಿಸಿದ ಕೂಡಲೇ ವಾದ್ಯ ಶುರುವಾಗುತ್ತದೆ. ಹಾಡುವವರ ದನಿ ಮಾತ್ರ ಇರುವುದಿಲ್ಲ, ಅದು ನಿಮ್ಮದು. ಪರದೆಯ ಮೇಲೆ ಸಾಹಿತ್ಯ ಬರುತ್ತದೆ, ಎಲ್ಲಿ ಹಾಡಬೇಕೋ ಆ ಅಕ್ಷರದ ಬಣ್ಣ ಬದಲಾಗುತ್ತ ಹೋಗುತ್ತದೆ. ಕೊನೆಯಲ್ಲಿ ಯಂತ್ರವೇ ನೂರಕ್ಕೆ ಇಷ್ಟು ಎಂದು ಅಂಕ ಕೊಡುತ್ತದೆ. ಗಣಿತದ ಟೀಚರಾಗಿ ಮೂವತ್ತಮೂರು ವರ್ಷ ಅಂಕ ಕೊಟ್ಟವಳು ನಾನು. ಅಂಕ ಪಡೆಯುವ ಕಡೆ ಕೂತಾಗ ಕೈ ಬೆವರಿತು.

ಆದರೆ ಮೈಕು ಕೆಳಗಿಟ್ಟದ್ದು ಅಂಕದ ಹೆದರಿಕೆಗಲ್ಲ. ಅದಕ್ಕೊಂದು ಹಳೆಯ ಕಾರಣವಿದೆ.

ನಾಲ್ಕನೇ ತರಗತಿಯಲ್ಲಿದ್ದಾಗ ನಮ್ಮ ಶಾಲೆಯಲ್ಲಿ ನವೆಂಬರ್ ಒಂದಕ್ಕೆ ಸಮೂಹಗಾನ. ಹನ್ನೆರಡು ಮಕ್ಕಳಲ್ಲಿ ನಾನೂ ಒಬ್ಬಳು. ಅಮ್ಮ ಹೊಸ ರಿಬ್ಬನ್ ತಂದಿದ್ದಳು. ಅಭ್ಯಾಸದ ಮೂರನೇ ದಿನ ಮೇಷ್ಟ್ರು ಹಾಡು ನಿಲ್ಲಿಸಿ, ಒಬ್ಬೊಬ್ಬರ ಬಾಯಿಯ ಹತ್ತಿರ ಕಿವಿಯಿಟ್ಟು ಕೇಳುತ್ತ ಬಂದು, ನನ್ನ ಮುಂದೆ ನಿಂತರು. ಬೈಯಲಿಲ್ಲ. ತುಂಬ ಪ್ರೀತಿಯಿಂದಲೇ ತಲೆ ಸವರಿ ಹೇಳಿದರು: “ನೀನು ಹಿಂದಿನ ಸಾಲಲ್ಲಿ ನಿಂತು ಬಾಯಿ ಮಾತ್ರ ಆಡಿಸು, ಮಗಾ.”

ಆಡಿಸಿದೆ. ಚಪ್ಪಾಳೆಯೂ ಬಿತ್ತು. ಅಂದಿನಿಂದ ಹಾಡುವುದೇ ನಿಂತುಹೋಯಿತು. ಮದುವೆ ಮನೆಯ ಆರತಿಗೆ ಹಾಡು ಅಂದರೆ ಗಂಟಲು ನೋವು, ಮಗಳ ತೊಟ್ಟಿಲಿಗೂ ಜೋಗುಳ ಹಾಡಿದ್ದು ನನ್ನ ಅತ್ತೆ. ನಾನು ತೊಟ್ಟಿಲು ತೂಗಿದೆ, ಅಷ್ಟೆ.

ಪುಟ್ಟಿಗೆ ಇದೆಲ್ಲ ಏನು ಗೊತ್ತು? “ಆಮೇಲೆ ಹಾಡ್ತೀನಿ, ಮೊದಲು ಈ ಕರೋಕೆ ಅಂದರೇನು ಹೇಳು” ಎಂದು ಮಾತು ತಿರುಗಿಸಿದೆ. ಟೀಚರುಗಳ ಹಳೆಯ ಉಪಾಯ ಇದು.

ಕರಾಟೆ ಗೊತ್ತಲ್ಲ ಮಕ್ಕಳೇ? ‘ಕರಾ’ ಅಂದರೆ ಖಾಲಿ, ‘ತೆ’ ಅಂದರೆ ಕೈ. ಖಾಲಿ ಕೈಯ ಕಾಳಗ. ಕರೋಕೆಯಲ್ಲೂ ಅದೇ ‘ಕರಾ’. ‘ಓಕೆ’ ಅನ್ನುವುದು ‘ಓಕೆಸುತೊರಾ’ ಎಂಬ ಪದದ ಬಾಲ ಕತ್ತರಿಸಿದ ರೂಪ. ಓಕೆಸುತೊರಾ ಯಾವುದು ಎಂದು ತಲೆ ಕೆಡಿಸಿಕೊಳ್ಳಬೇಡಿ, ನಮ್ಮ ಗಣೇಶನ ಹಬ್ಬಕ್ಕೆ ಪೆಂಡಾಲಿನಲ್ಲಿ ನಡೆಯುತ್ತದಲ್ಲ, ಅದೇ ಆರ್ಕೆಸ್ಟ್ರಾ! ಜಪಾನಿಯರ ಬಾಯಲ್ಲಿ ಹಾಗಾಗಿದೆ. ಖಾಲಿ ಆರ್ಕೆಸ್ಟ್ರಾ. ವಾದ್ಯಗಾರರೆಲ್ಲ ಬಂದಿದ್ದಾರೆ, ಹಾಡುಗಾರ ಮಾತ್ರ ಬಂದಿಲ್ಲ.

ಈ ಖಾಲಿ ಜಾಗವನ್ನು ಮೊದಲು ಕಂಡುಹಿಡಿದವರು ಯಾರು ಎಂದರೆ ಒಂದೇ ಹೆಸರು ಹೇಳಲಾಗುವುದಿಲ್ಲ. ನನಗೆ ತುಂಬ ಹಿಡಿಸಿದ್ದು ಶಿಗೇಇಚಿ ನೆಗಿಶಿ ಅವರ ಕಥೆ. ಟೋಕಿಯೊದಲ್ಲಿ ಅವರದೊಂದು ಎಲೆಕ್ಟ್ರಾನಿಕ್ಸ್ ಕಾರ್ಖಾನೆ, ಕಾರುಗಳಿಗೆ ಹಾಕುವ ಟೇಪ್ ಸ್ಟೀರಿಯೊ ಮಾಡುತ್ತಿದ್ದರು. ಹಾಡುವುದೆಂದರೆ ಅವರಿಗೆ ಪ್ರಾಣ. 1967ರಲ್ಲಿ ಒಂದು ಬೆಳಿಗ್ಗೆ ಹಾಡಿಕೊಳ್ಳುತ್ತ ಕಾರ್ಖಾನೆಗೆ ಬಂದಾಗ ಅಲ್ಲಿಯ ಎಂಜಿನಿಯರ್ ಅವರ ಹಾಡುಗಾರಿಕೆಯನ್ನು ಗೇಲಿ ಮಾಡಿದರಂತೆ. ನಾನಾಗಿದ್ದರೆ ಅವತ್ತೇ ಬಾಯಿ ಮುಚ್ಚುತ್ತಿದ್ದೆ. ನೆಗಿಶಿ ಮುಚ್ಚಲಿಲ್ಲ. ಹಿಂದೆ ವಾದ್ಯ ಇಲ್ಲದ್ದಕ್ಕೇ ಹೀಗೆ ಕೇಳಿಸುತ್ತಿದೆ, ವಾದ್ಯದ ಟೇಪಿಗೆ ಒಂದು ಮೈಕು ಸೇರಿಸಿ ಕೊಡಿ ನೋಡೋಣ ಎಂದರು. ಗೇಲಿ ಮಾಡಿದವರೇ ತಂತಿ ಜೋಡಿಸಿ ಕೊಟ್ಟರು. ನೆಗಿಶಿ ಅದನ್ನು ಮನೆಗೆ ಒಯ್ದು ಹೆಂಡತಿ-ಮಕ್ಕಳ ಜೊತೆ ಹಾಡಿದರು. ಆ ಯಂತ್ರಕ್ಕೆ ‘ಕರೋಕೆ’ ಎಂದೇ ಹೆಸರಿಡುವ ಮನಸ್ಸಿತ್ತು. ಮಾರಾಟ ಮಾಡುವವರು ಒಪ್ಪಲಿಲ್ಲ. ಜಪಾನಿ ಭಾಷೆಯಲ್ಲಿ ‘ಕನೋಕೆ’ ಎಂದರೆ ಶವದ ಪೆಟ್ಟಿಗೆ, ಹೆಸರು ಅದರ ಹಾಗೆ ಕೇಳಿಸುತ್ತದೆ ಅಂದರು! ಹಾಗಾಗಿ ಬಣ್ಣದ ದೀಪ ಮಿನುಗಿಸುವ ಆ ಪೆಟ್ಟಿಗೆಗೆ ‘ಸ್ಪಾರ್ಕೊ ಬಾಕ್ಸ್’ ಎಂದು ಹೆಸರಾಯಿತು. ನೆಗಿಶಿ ಪೇಟೆಂಟ್ ಮಾಡಿಸಲಿಲ್ಲ. ಪೇಟೆಂಟ್ ಅಂದರೆ, ಇದನ್ನು ಕಂಡುಹಿಡಿದವನು ನಾನು, ಬೇರೆಯವರು ಮಾಡಿದರೆ ನನ್ನ ಅನುಮತಿ ಪಡೆಯಬೇಕು ಎಂದು ಸರ್ಕಾರದಿಂದ ಬರೆಸಿಕೊಳ್ಳುವ ಹಕ್ಕುಪತ್ರ. 2024ರ ಜನವರಿಯಲ್ಲಿ ಅವರು ತೀರಿಕೊಂಡಾಗ ವಯಸ್ಸು ನೂರು. ಗೇಲಿಗೆ ಬಗ್ಗದ ಗಂಟಲು ಅಷ್ಟು ವರ್ಷ ಬಾಳಿದ್ದು ನನಗೆ ಖುಷಿ ಕೊಟ್ಟಿತು.

ಪ್ರಪಂಚ ಹೆಚ್ಚಾಗಿ ನೆನೆಯುವುದು ಇನ್ನೊಬ್ಬರನ್ನು, ದಾಯ್‌ಸುಕೆ ಇನೊಯೆ ಅವರನ್ನು. ನೆಗಿಶಿಯವರ ವಿಷಯ ಅವರಿಗೆ ಗೊತ್ತೇ ಇರಲಿಲ್ಲ. ಇವರು ಕೋಬೆ ಎಂಬ ಬಂದರು ಪಟ್ಟಣದಲ್ಲಿ ಸಂಜೆಯ ಹೊತ್ತು ಕ್ಲಬ್ಬುಗಳಲ್ಲಿ ಕೀಬೋರ್ಡ್ ನುಡಿಸುತ್ತಿದ್ದ ಸಾಧಾರಣ ವಾದ್ಯಗಾರ. ಸ್ವರಲಿಪಿ ಓದಲು ಬರುತ್ತಿರಲಿಲ್ಲ. ಆದರೆ ಅವರಲ್ಲಿ ಒಂದು ಅಪರೂಪದ ಗುಣವಿತ್ತು. ಹಾಡುವವರು ತಾಳ ತಪ್ಪಿದರೆ ಇವರೂ ಅವರ ಹಿಂದೆಯೇ ತಪ್ಪುತ್ತಿದ್ದರು, ಶ್ರುತಿ ಇಳಿದರೆ ತಾವೂ ಇಳಿಯುತ್ತಿದ್ದರು. ಹಾಡಿದವರಿಗೆ ತಾವು ಚೆನ್ನಾಗಿಯೇ ಹಾಡಿದೆವು ಅನ್ನಿಸುತ್ತಿತ್ತು. ಬಸುರಿ ಸೊಸೆ ನಡೆದಷ್ಟೇ ನಿಧಾನ ನಡೆಯುವ ಅತ್ತೆಯಂತೆ ಎಂದು ನನಗನ್ನಿಸಿತು.

ಒಮ್ಮೆ ಒಬ್ಬ ಕಂಪನಿ ಮಾಲೀಕ ಬಿಸಿನೀರ ಬುಗ್ಗೆಯ ಊರಿಗೆ ಪ್ರವಾಸ ಹೊರಟವನು, ನೀನೂ ಬಾ, ಅಲ್ಲಿ ನಾನು ಹಾಡಬೇಕು, ನಿನ್ನ ವಾದ್ಯವಿಲ್ಲದೆ ನನಗಾಗದು ಎಂದು ಕರೆದ. ಇನೊಯೆಗೆ ಹೋಗಲು ಬಿಡುವಿಲ್ಲ. ಅವನ ಹಾಡುಗಳಿಗೆ ಬರೀ ವಾದ್ಯವನ್ನು, ಅವನು ಎಲ್ಲೆಲ್ಲಿ ಎಡವುತ್ತಾನೋ ಅದಕ್ಕೆ ಹೊಂದುವಂತೆ ನುಡಿಸಿ, ಟೇಪು ಮಾಡಿ ಕಳಿಸಿದರು. ಮಾಲೀಕ ಆನಂದವಾಗಿ ಹಾಡಿಕೊಂಡು ಬಂದ. ಇನೊಯೆ ತಲೆಯಲ್ಲಿ ದೀಪ ಹತ್ತಿತು. 1971ರಲ್ಲಿ ಗೆಳೆಯರ ಜೊತೆ ಸೇರಿ ಹನ್ನೊಂದು ಪೆಟ್ಟಿಗೆ ಮಾಡಿಸಿದರು. ಒಳಗೆ ಕಾರಿನ ಟೇಪು, ಹೊರಗೆ ಮೈಕು, ನೂರು ಯೆನ್ ನಾಣ್ಯ ಹಾಕಿದರೆ ಕೆಲವು ನಿಮಿಷ ವಾದ್ಯ. ಸಾಮಾನ್ಯರ ಗಂಟಲು ಅಷ್ಟು ಎತ್ತರಕ್ಕೆ ಏರುವುದಿಲ್ಲವೆಂದು ಹಾಡುಗಳ ಶ್ರುತಿಯನ್ನೇ ಇಳಿಸಿ ನುಡಿಸಿದರು. ಇಡೀ ಯಂತ್ರದಲ್ಲಿ ನನಗೆ ದೊಡ್ಡದಾಗಿ ಕಂಡದ್ದು ಇದೇ. ನಮ್ಮ ಮೇಷ್ಟ್ರಿಗೂ ಇದು ಹೊಳೆಯಬಹುದಿತ್ತು. ಹನ್ನೆರಡು ಮಕ್ಕಳ ಹಾಡನ್ನು ಅರ್ಧ ಮೆಟ್ಟಿಲು ಕೆಳಗಿಳಿಸಿದ್ದರೆ ಹನ್ನೆರಡನೆಯವಳೂ ಹಾಡುತ್ತಿದ್ದಳೇನೋ.

ಇನೊಯೆ ಕೂಡ ಪೇಟೆಂಟ್ ಮಾಡಿಸಲಿಲ್ಲ. ದೊಡ್ಡ ದೊಡ್ಡ ಕಂಪನಿಗಳು ಕರೋಕೆ ಯಂತ್ರ ಮಾಡಿ ಜಗತ್ತಿಗೆಲ್ಲ ಮಾರಿದವು. ಹಾಡುವ ಯಂತ್ರಕ್ಕೆ ಪೇಟೆಂಟ್ ಪಡೆದವರು ಫಿಲಿಪೀನ್ಸಿನ ರಾಬರ್ಟೊ ಡೆಲ್ ರೊಸಾರಿಯೊ. ಇನೊಯೆ ಮುಂದೆ ಏನು ಮಾರಿದರು ಗೊತ್ತೇ? ಜಿರಳೆ, ಇಲಿಗಳನ್ನು ಓಡಿಸುವ ಔಷಧಿ! ಅವು ಕರೋಕೆ ಯಂತ್ರಗಳ ಒಳಹೊಕ್ಕು ತಂತಿ ಕಡಿಯುತ್ತಿದ್ದವಂತೆ. ಪುಟ್ಟಿ ಇದನ್ನು ಕೇಳಿ ಬೆಂಚಿನ ಕೆಳಗೆಲ್ಲ ಬಗ್ಗಿ ಹುಡುಕಿದಳು. ಇರಲಿಲ್ಲ.

1999ರಲ್ಲಿ ಅಮೆರಿಕದ ಟೈಮ್ ಪತ್ರಿಕೆ ಆ ಶತಮಾನದ ಅತಿ ಪ್ರಭಾವಿ ಏಷ್ಯನ್ನರ ಪಟ್ಟಿ ಮಾಡಿದಾಗ ಗಾಂಧೀಜಿಯ ಜೊತೆ ಇನೊಯೆ ಹೆಸರೂ ಇತ್ತು. 2004ರಲ್ಲಿ ಅವರಿಗೆ ಇಗ್ ನೊಬೆಲ್ ಶಾಂತಿ ಬಹುಮಾನ ಬಂತು. ನೊಬೆಲ್ ಅಲ್ಲ, ಇಗ್ ನೊಬೆಲ್. ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಕೆಲಸಗಳಿಗೆ ಕೊಡುವ ತಮಾಷೆಯ ಬಹುಮಾನ. ಯಾಕೆ ಕೊಟ್ಟರು? ಜನ ಒಬ್ಬರನ್ನೊಬ್ಬರು ಸಹಿಸಿಕೊಳ್ಳುವುದನ್ನು ಕಲಿಯಲು ಹೊಸದೊಂದು ದಾರಿ ತೋರಿಸಿದ್ದಕ್ಕಂತೆ. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ನಡೆದ ಆ ಸಮಾರಂಭದಲ್ಲಿ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು.

ಜಪಾನಿನಲ್ಲೇ ಇದು ಹುಟ್ಟಿದ್ದು ಯಾಕೆ ಎಂದು ಮೂರು ತಿಂಗಳು ಯೋಚಿಸಿದೆ. ಅಲ್ಲಿ ಯಂತ್ರಗಳು ಹಾಡುತ್ತವೆ. ರೈಲು ಹೊರಡುವಾಗ ನಿಲ್ದಾಣದಲ್ಲಿ ಪುಟ್ಟ ರಾಗ ಕೇಳಿಸುತ್ತದೆ, ಊರಿಂದೂರಿಗೆ ಬೇರೆ ಬೇರೆ. ತಕಾದಾನೊಬಾಬಾ ಎಂಬ ನಿಲ್ದಾಣದಲ್ಲಿ ‘ಆಸ್ಟ್ರೊ ಬಾಯ್’ ಎಂಬ ಕಾರ್ಟೂನ್ ಹುಡುಗನ ರಾಗ, ಯಾಕೆಂದರೆ ಕಥೆಯ ಪ್ರಕಾರ ಅವನು ಹುಟ್ಟಿದ್ದು ಅಲ್ಲಿ. ಸಂಜೆಯಾದರೆ ಎಷ್ಟೋ ಊರುಗಳಲ್ಲಿ ಕಂಬದ ಧ್ವನಿವರ್ಧಕಗಳಿಂದ ಒಂದು ರಾಗ ಬರುತ್ತದೆ, ಮಕ್ಕಳು ಆಟ ಬಿಟ್ಟು ಮನೆಗೆ ಹೊರಡುತ್ತಾರೆ. ಆದರೆ ಮನುಷ್ಯರು? ರೈಲಿನಲ್ಲಿ ಫೋನಿನಲ್ಲಿ ಕೂಡ ಮಾತಾಡುವುದಿಲ್ಲ. ತುಂಬಿದ ಬೋಗಿಯಲ್ಲಿ ನಾನು ಮಗಳಿಗೆ “ಮುಂದಿನ ಸ್ಟಾಪ್ ನಮ್ದೇನೇ?” ಎಂದು ನಮ್ಮೂರ ದನಿಯಲ್ಲಿ ಕೇಳಿದ್ದೇ ತಡ, ಅವಳು ಕೆಂಪಾದಳು. ಮನೆಗಳೋ ಪುಟ್ಟವು, ಗೋಡೆ ತೆಳು. ಪಕ್ಕದವರಿಗೆ ತೊಂದರೆಯಾಗಬಾರದು ಎನ್ನುವುದು ಅಲ್ಲಿ ದೊಡ್ಡ ಮಾತು. ದಿನವೆಲ್ಲ ಅಷ್ಟು ಮೆತ್ತಗೆ ಇರುವವರಿಗೆ ಕೂಗಿಕೊಳ್ಳಲು ಒಂದು ಬಾಗಿಲು ಹಾಕಿದ ಜಾಗ ಬೇಕೇ ಬೇಕು. 1985ರ ಹೊತ್ತಿಗೆ ಒಕಾಯಾಮಾ ಎಂಬಲ್ಲಿ ಯಾರೋ ಸರಕು ಸಾಗಿಸುವ ಹಳೆಯ ಕಬ್ಬಿಣದ ಕಂಟೇನರನ್ನು ರಸ್ತೆ ಬದಿಗಿಟ್ಟು ಒಳಗೆ ಕರೋಕೆ ಹಾಕಿದರು. ಅದೇ ಕರೋಕೆ ಬಾಕ್ಸ್. ಅಲ್ಲಿಯವರೆಗೆ ಬಾರುಗಳಲ್ಲಿ ಗಂಡಸರ ಪಾಲಾಗಿದ್ದ ಹಾಡು, ಈ ಡಬ್ಬಿಗಳಿಂದಾಗಿ ಹೆಂಗಸರಿಗೆ, ಮಕ್ಕಳಿಗೆ, ಮುದುಕರಿಗೆ ಸಿಕ್ಕಿತು. ಒಬ್ಬರೇ ಹೋಗಿ ಹಾಡಿ ಬರುವವರೂ ಇದ್ದಾರೆ. ಹಿರಿಯರನ್ನು ನೋಡಿಕೊಳ್ಳುವ ಮನೆಗಳಲ್ಲಿ ಕರೋಕೆ ಹಾಕಿ, ಹಾಡಿನ ಜೊತೆಗೇ ಕೈಕಾಲು ಆಡಿಸುವ ವ್ಯಾಯಾಮ ಮಾಡಿಸುತ್ತಾರೆ.

ಇನ್ನು ನಮ್ಮ ಕೋಣೆಗೆ ಬನ್ನಿ. ಪುಟ್ಟಿಯ ಗೆಳತಿಯ ಅಜ್ಜಿ ನನಗಿಂತ ಆರೇಳು ವರ್ಷ ಚಿಕ್ಕವರು. ತೆಳ್ಳಗೆ, ಬೆಳ್ಳಗೆ, ಮಾತು ಪಿಸುದನಿ. ಲಿಫ್ಟಿನಲ್ಲಿ ಬರುವಾಗ ನಾಲ್ಕು ಸಲ ತಲೆ ಬಾಗಿಸಿದ್ದರು. ಅವರ ಸರದಿ ಬಂದದ್ದೇ ಎದ್ದು ನಿಂತರು, ಒಂದು ಕೈಯನ್ನು ತಲೆಯ ಹಿಂದಿನಿಂದ ಸರ್ರನೆ ಮೇಲೆತ್ತಿ ಬೆರಳು ಚಾಚಿದರು, ನೋಡುತ್ತಿದ್ದಂತೆ ಸೊಂಟ ತಿರುಗಿಸಿ ಕುಣಿಯಲು ಶುರು! ‘ಪಿಂಕ್ ಲೇಡಿ’ ಎಂಬ ಇಬ್ಬರು ಹುಡುಗಿಯರ ಜೋಡಿ 1977ರಲ್ಲಿ ಹಾಡಿದ ‘ಯುಎಫ್ಒ’ ಅದು. ಹಾರುವ ತಟ್ಟೆಯಲ್ಲಿ ಬಂದ ಪ್ರಿಯಕರನ ಕುರಿತ ಹಾಡು. ಆಗ ಜಪಾನಿನ ಹುಡುಗಿಯರಿಗೆಲ್ಲ ಟಿವಿ ನೋಡಿ ನೋಡಿ ಅದರ ಕೈಚಲನೆ ಬಾಯಿಪಾಠವಾಗಿತ್ತು. ಕೈಪಾಠ ಅನ್ನಬೇಕೇನೋ. ನಮ್ಮ ಅಜ್ಜಿ ಆಗ ಹೈಸ್ಕೂಲು ಹುಡುಗಿ. ಅಷ್ಟು ವರ್ಷವಾದರೂ ಒಂದು ಹೆಜ್ಜೆ ಮರೆತಿಲ್ಲ. ಮಕ್ಕಳಿಬ್ಬರೂ ಅವರ ಹಿಂದೆ ಸಾಲಾಗಿ ನಿಂತು ಕಲಿತರು. ನಿಜ ಹೇಳಬೇಕೆಂದರೆ ಆಯಮ್ಮನ ಶ್ರುತಿ ದೇವರಿಗೇ ಪ್ರೀತಿ. ನನಗಿಂತ ಹೆಚ್ಚೇನೂ ಇರಲಿಲ್ಲ. ಆದರೂ ಕೋಣೆಯಲ್ಲಿ ಯಾರೂ ಮುಖ ಸಿಂಡರಿಸಲಿಲ್ಲ. ಯಂತ್ರ ಎಪ್ಪತ್ತೊಂದು ಕೊಟ್ಟಿತು. ಅವರು ಪರದೆಗೆ ಬಾಗಿ ನಮಸ್ಕರಿಸಿದರು.

ಆಮೇಲೆ ಪುಟ್ಟಿ ಹಾಡಿದ್ದು ಶಾಲೆಯಲ್ಲಿ ಕಲಿತ ಒಂದು ಹಳೆಯ ಹಾಡು. ಕ್ಯು ಸಕಾಮೊತೊ 1961ರಲ್ಲಿ ಹಾಡಿದ್ದು. ಮೇಲೆ ನೋಡುತ್ತ ನಡೆಯೋಣ ಎಂಬರ್ಥದ ಹೆಸರು. ಒಬ್ಬಂಟಿಯಾಗಿ ರಾತ್ರಿ ನಡೆಯುವವನ ದುಃಖದ ಹಾಡಾದರೂ ರಾಗ ಕೇಳಿದರೆ ಶಿಳ್ಳೆ ಹೊಡೆಯುವ ಮನಸ್ಸಾಗುತ್ತದೆ, ಹಾಡಿನಲ್ಲೇ ಶಿಳ್ಳೆ ಇದೆ ಕೂಡ. 1963ರಲ್ಲಿ ಇದು ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿತು, ಜಪಾನಿ ಭಾಷೆಯಲ್ಲೇ. ಆದರೆ ಅಲ್ಲಿಯವರಿಗೆ ಹೆಸರು ಹೇಳಲು ಕಷ್ಟ ಎಂದು ‘ಸುಕಿಯಾಕಿ’ ಎಂದು ಹೆಸರಿಟ್ಟರು. ಸುಕಿಯಾಕಿ ಅಂದರೆ ಕುದಿಯುವ ಪಾತ್ರೆಯಿಂದ ತೆಗೆದು ತಿನ್ನುವ ಒಂದು ಮಾಂಸದ ಅಡುಗೆ! ಹಾಡಿಗೂ ಅದಕ್ಕೂ ಏನೂ ಸಂಬಂಧವಿಲ್ಲ. ನಮ್ಮ ಒಂದು ವಿರಹಗೀತೆಗೆ ಪರದೇಶದವರು ‘ಬಿಸಿಬೇಳೆಬಾತ್’ ಎಂದು ಹೆಸರಿಟ್ಟ ಹಾಗೆ. ಸಕಾಮೊತೊ 1985ರ ಆಗಸ್ಟಿನಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು, ನಲವತ್ತಮೂರೇ ವರ್ಷ. ಅವರು ಹೋದ ಎಷ್ಟೋ ವರ್ಷಗಳ ಮೇಲೆ ಹುಟ್ಟಿದ ನನ್ನ ಮೊಮ್ಮಗಳು ಅವರು ಬಿಟ್ಟುಹೋದ ಜಾಗದಲ್ಲಿ ನಿಂತು ಹಾಡಿದಳು. ಎಂಬತ್ತನಾಲ್ಕು.

“ಈಗ ನಿನ್ನ ಸರದಿ” ಮತ್ತೆ ಬಂತು. ಪುಟ್ಟಿ ಪಟ್ಟಿ ಹುಡುಕಿದಳು. ಕನ್ನಡ ಹಾಡು ನಮಗೆ ಸಿಗಲಿಲ್ಲ. ಬದುಕಿದೆ ಅಂದುಕೊಂಡೆ. ಆಗ ಆ ಜಪಾನಿ ಅಜ್ಜಿ ಎದ್ದು ಮೈಕನ್ನು ಎರಡೂ ಕೈಯಲ್ಲಿ ಹಿಡಿದು, ದೇವರ ಪ್ರಸಾದ ಕೊಡುವ ಹಾಗೆ ನನ್ನ ಮುಂದೆ ಚಾಚಿ ನಿಂತುಬಿಟ್ಟರು. ಅವರ ಭಾಷೆ ನನಗೆ ಬಾರದು, ನನ್ನದು ಅವರಿಗೆ ಬಾರದು. ಇಲ್ಲ ಅನ್ನುವುದು ಹೇಗೆ?

ವಾದ್ಯವಿಲ್ಲದೆ ಹಾಡಿದೆ. ಖಾಲಿ ಆರ್ಕೆಸ್ಟ್ರಾದಲ್ಲಿ ಆರ್ಕೆಸ್ಟ್ರಾವೂ ಖಾಲಿ. ಯಾವ ಹಾಡು ಅಂದಿರಾ? ನಾಲ್ಕನೇ ತರಗತಿಯ ಆ ಸಮೂಹಗಾನವೇ. ನನಗೆ ಪೂರ್ತಿ ಗೊತ್ತಿದ್ದದ್ದು ಅದೊಂದೇ. ಬಾಯಿ ಆಡಿಸಬೇಕಲ್ಲ, ಅದಕ್ಕೇ ಒಂದಕ್ಷರ ತಪ್ಪದಂತೆ ಕಲಿತಿದ್ದೆ. ಮೊದಲ ಸಾಲು ಗಂಟಲಲ್ಲೇ ಸಿಕ್ಕಿಕೊಂಡಿತು. ಎರಡನೆಯದು ಗುಬ್ಬಿ ದನಿಯಲ್ಲಿ ಬಂತು. ಚರಣಕ್ಕೆ ಬರುವಷ್ಟರಲ್ಲಿ ಮಕ್ಕಳು ತಾಂಬೂರಿ ಗಿಲಿಗುಟ್ಟಿಸುತ್ತಿದ್ದರು, ಆಯಮ್ಮ ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ತಾಳ ತಪ್ಪಾಗಿತ್ತು. ರಾಗ ಎಲ್ಲೆಲ್ಲಿಗೋ ಹೋಯಿತು, ಹೋಗಲಿ ಎಂದು ಬಿಟ್ಟೆ.

ಮುಗಿದಾಗ ಯಂತ್ರ ಸುಮ್ಮನಿತ್ತು. “ಅಜ್ಜಿಗೆ ಅಂಕವೇ ಇಲ್ಲ!” ಎಂದು ಪುಟ್ಟಿಗೆ ಬೇಸರ. ಆಮೇಲೆ ಕೇಳಿದಳು: “ಅಜ್ಜೀ, ನೀನು ಹಾಡ್ತೀಯ ಅಂತ ನಂಗೆ ಯಾಕೆ ಹೇಳಿರಲಿಲ್ಲ?”

ಮೇಷ್ಟ್ರ ಕಥೆ ಹೇಳಿದೆ. ಅವಳು ಹುಬ್ಬು ಗಂಟಿಕ್ಕಿ ಯೋಚಿಸಿ, “ನೀನೂ ಟೀಚರಲ್ವಾ? ನೀನು ಯಾರಿಗಾದ್ರೂ ಹಾಗೆ ಹೇಳಿದ್ಯಾ?” ಅಂದಳು.

ಇಲ್ಲ ಎಂದು ಹೇಳಲು ಬಾಯಿ ತೆರೆದವಳು ಹಾಗೇ ಕೂತೆ. ಹೇಳಿದ್ದೆ.

ಸುಮಾರು ಮೂವತ್ತು ವರ್ಷದ ಹಿಂದೆ, ಎಂಟನೇ ತರಗತಿ. ಜಿಲ್ಲಾ ಮಟ್ಟದ ದೇಶಭಕ್ತಿಗೀತೆ ಸ್ಪರ್ಧೆಗೆ ಮಕ್ಕಳನ್ನು ಕರೆದೊಯ್ಯುವ ಹೊಣೆ ನನ್ನ ತಲೆಗೆ ಬಿದ್ದಿತ್ತು. ಒಬ್ಬ ಹುಡುಗನಿಗೆ ಗಂಟಲು ಒಡೆಯುವ ವಯಸ್ಸು, ಒಂದು ಸಾಲಿನಲ್ಲಿ ಕೊಳಲು, ಮುಂದಿನ ಸಾಲಿನಲ್ಲಿ ತಗಡು. ನಾನು ಅವನ ಹೆಗಲ ಮೇಲೆ ಕೈಯಿಟ್ಟು, ನನ್ನ ಮೇಷ್ಟ್ರ ಅದೇ ಮಾತನ್ನು, ಅದೇ ಪ್ರೀತಿಯ ದನಿಯಲ್ಲಿ ಹೇಳಿದೆ. ಅವನು “ಆಯ್ತು ಮೇಡಂ” ಅಂದ. ನಮಗೆ ಎರಡನೇ ಬಹುಮಾನ ಬಂತು. ಸ್ಟೀಲ್ ಲೋಟ. ಅವನಿಗೂ ಒಂದು ಕೊಟ್ಟರು. ಅಷ್ಟು ವರ್ಷ ನನ್ನ ಗಾಯ ಮಾತ್ರ ನೆನಪಿಟ್ಟುಕೊಂಡಿದ್ದೆ, ಇದು ಆ ಡಬ್ಬಿಯಂಥ ಕೋಣೆಗೆ ಹೋಗುವವರೆಗೆ ನೆನಪಿಗೇ ಬಂದಿರಲಿಲ್ಲ.

ಮರುದಿನ ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಟಿವಿಯಲ್ಲಿ ‘ನೊಡೊ ಜಿಮಾನ್’ ಬರುತ್ತಿತ್ತು. ‘ಗಂಟಲಿನ ಜಂಬ’ ಎಂದು ಕನ್ನಡ ಮಾಡಬಹುದು. 1946ರಲ್ಲಿ, ಯುದ್ಧದಲ್ಲಿ ಸೋತು ಸುಣ್ಣವಾಗಿದ್ದ ಜಪಾನಿನಲ್ಲಿ ರೇಡಿಯೊ ಕಾರ್ಯಕ್ರಮವಾಗಿ ಶುರುವಾದದ್ದು, ಇಂದಿಗೂ ಊರೂರು ಸುತ್ತುತ್ತಿದೆ. ಹಾಡುವವರು ಆ ಊರಿನ ಮೀನುಗಾರ, ನರ್ಸು, ಶಾಲಾ ಮಕ್ಕಳು, ಅಜ್ಜ-ಅಜ್ಜಿ. ವೇಷ ಹಾಕಿ ಕುಣಿಯುವವರೂ ಉಂಟು. ತೀರ್ಪು ಗಂಟೆಯಲ್ಲಿ: ಸಾಲದು ಅಂದರೆ ‘ಟಣ್’ ಎಂದು ಒಂದೇ, ಇನ್ನೊಂಚೂರು ಬೇಕಿತ್ತು ಅಂದರೆ ‘ಟಣ್ ಟಣ್’, ಗೆದ್ದರೆ ಗುಡಿಯ ಮಂಗಳಾರತಿಯ ಹಾಗೆ ಒಂದರ ಹಿಂದೊಂದು ಗಂಟೆ. ದಶಕಗಳ ಕಾಲ ಅಲ್ಲಿ ನಿಜವಾದ ವಾದ್ಯಗಾರರು ನುಡಿಸುತ್ತಿದ್ದರು. 2023ರಿಂದ ಅಲ್ಲೂ ಕರೋಕೆಯೇ. ನಮ್ಮ ಪಕ್ಕದ ಮನೆಯ ಹಿರಿಯರು ಇದಕ್ಕೆ ಬೇಸರಪಟ್ಟುಕೊಂಡರಂತೆ. ನನಗೂ ಅವರ ಮಾತು ಸರಿ ಅನ್ನಿಸಿತು. ಎಡವಿದವರ ಜೊತೆ ತಾನೂ ಎಡವುವ ವಾದ್ಯಗಾರ ಟೇಪಿನಲ್ಲಿ ಸಿಗುವುದಿಲ್ಲ.

ಒಬ್ಬ ಅಜ್ಜ ಬಂದರು. ಕೋಟು, ಟೈ. ಎರಡು ಸಾಲು ಹಾಡುವಷ್ಟರಲ್ಲಿ ‘ಟಣ್’. ಅಷ್ಟೆ. ಅವರು ಒಂದು ಕ್ಷಣ ತಬ್ಬಿಬ್ಬಾಗಿ, ಆಮೇಲೆ ತಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು. ಸಭೆಯೂ ನಕ್ಕಿತು, ಚಪ್ಪಾಳೆ ತಟ್ಟಿತು. ಆದರೆ ನೋಡಿ, ಅವರನ್ನು ಯಾರೂ ಹಿಂದಿನ ಸಾಲಿಗೆ ಕಳಿಸಿರಲಿಲ್ಲ. ಅವರು ಹಾಡಿದ ಮೇಲೇ ಗಂಟೆ ಬಾರಿಸಿದರು.

ಊರಿಗೆ ಬಂದು ನಾಲ್ಕು ತಿಂಗಳಾಯಿತು. ನಮ್ಮ ಬಡಾವಣೆಯ ಪಾರ್ಕಿನಲ್ಲಿ ಭಾನುವಾರ ಸಂಜೆ ಐದೂವರೆಗೆ ಏಳೆಂಟು ನಿವೃತ್ತರು ಸೇರುತ್ತಾರೆ. ಬ್ಯಾಂಕಿನವರು, ಅಂಚೆಯವರು, ಕೆಎಸ್ಆರ್‌ಟಿಸಿಯವರು. ಒಂದು ಪುಟ್ಟ ಸ್ಪೀಕರು, ಫೋನಿನಲ್ಲಿ ಕರೋಕೆ ಟ್ರ್ಯಾಕು. ರಾಜಕುಮಾರ್, ಪಿ.ಬಿ. ಶ್ರೀನಿವಾಸ್, ಎಸ್. ಜಾನಕಿ ಇವರ ಹಾಡುಗಳೇ ಹೆಚ್ಚು. ಮೊದಲೆಲ್ಲ ಅವರ ಪಕ್ಕದಲ್ಲೇ ವಾಕಿಂಗ್ ಮಾಡಿ, ಈ ವಯಸ್ಸಲ್ಲಿ ಇದೇನು ಎಂದು ಮೂಗು ಮುರಿದವಳು ನಾನು. ಈಗ ಚಾಪೆ ಹಿಡಿದು ಹೋಗುತ್ತೇನೆ. ನನ್ನ ಶ್ರುತಿ ಸುಧಾರಿಸಿಲ್ಲ. ಅಂಚೆಯವರು ಟ್ರ್ಯಾಕನ್ನು ನನಗಾಗಿ ಎರಡು ಮನೆ ಕೆಳಗಿಳಿಸಿ ಹಾಕುತ್ತಾರೆ.

ಆ ಹುಡುಗನಿಗೆ ಈಗ ನಲವತ್ತು ದಾಟಿರಬೇಕು. ಅವನ ಮಕ್ಕಳು ಈ ಪತ್ರಿಕೆ ಓದುವ ವಯಸ್ಸಿನವರೇ ಇರಬಹುದು. ಹೆಸರು ಬರೆಯುವುದಿಲ್ಲ, ಹಾಜರಿ ಪುಸ್ತಕದಲ್ಲಿ ಅವನ ನಂಬರು ಇಪ್ಪತ್ತೇಳು. ಮಕ್ಕಳೇ, ನಿಮ್ಮ ಮನೆಯ ಕಪಾಟಿನಲ್ಲಿ ‘ದ್ವಿತೀಯ ಬಹುಮಾನ, ದೇಶಭಕ್ತಿಗೀತೆ’ ಎಂದು ಕೆತ್ತಿದ ಸ್ಟೀಲ್ ಲೋಟ ಇದ್ದು, ಅಪ್ಪ ಎಂದೂ ಹಾಡದವರಾಗಿದ್ದರೆ, ಅವರಿಗೆ ಇದನ್ನು ಓದಿ ಹೇಳಿ. ಗಣಿತದ ಮೇಡಂ ಭಾನುವಾರ ಐದೂವರೆಗೆ ಪಾರ್ಕಿನಲ್ಲಿರುತ್ತಾರೆ, ಇನ್ನೊಂದು ಮೈಕು ಇದೆ ಎನ್ನಿ.